ಗಡ್ಡೆಯ ತುಣುಕಿನಲ್ಲಿ ಎಚ್‌ಪಿವಿ ಹುಡುಕುವುದು ಹೇಗೆ?

ಶಿಶ್ನದ ಕ್ಯಾನ್ಸರ್ ಅಂದರೆ ನಮ್ಮ ರಾಯಚೂರು ಕಡೆ ಈಗಲೂ ದನಿ ತಗ್ಗಿಸಿ ಮಾತಾಡುತ್ತಾರೆ. ಗಾಯ ಮುಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಸುಮ್ನೆ ಇದ್ದು, ಆಮೇಲೆ ಬಯಾಪ್ಸಿಗೆ, ಅಂದರೆ ತುಣುಕು ತೆಗೆಸಿ ಪರೀಕ್ಷೆ ಮಾಡಿಸಲು, ಬರುವವರೇ ಜಾಸ್ತಿ. ಕ್ಯಾನ್ಸರ್ ಖಚಿತವಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಕಾರಣವಾ, ಅಲ್ವಾ? ಹೆಚ್ಚೂಕಡಿಮೆ ಅರ್ಧದಷ್ಟು ಗಡ್ಡೆಗಳಿಗೆ ಈ ವೈರಸ್‌ನ ನಂಟಿದೆ. ಅದರಲ್ಲೂ 16ನೇ ಬಗೆಯದೇ ದೊಡ್ಡ ಪಾಲು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣವೂ ವೈರಸ್ ನಂಟಿರುವ, ಇಲ್ಲದ ಗಡ್ಡೆಗಳನ್ನು ಬೇರೆ ಬೇರೆ ಇಟ್ಟಿದೆ.

ಕೆಲಸ ಶುರುವಾಗುವುದು ಬಾಟಲಿಯಿಂದ. ತುಣುಕು ತೆಗೆದ ಕೂಡಲೇ, ಅದು ಕೊಳೆಯದಂತೆ ಕಾಯುವ 10% ಫಾರ್ಮಲಿನ್‌ ದ್ರವಕ್ಕೆ ಹಾಕಬೇಕು. ತುಣುಕಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರಲಿ. ಒಂದು ಬೇಸಿಗೆಯಲ್ಲಿ ನಮಗೆ ಬರೀ ಸಲೈನ್‌ನಲ್ಲಿ ಇಟ್ಟ ತುಣುಕು ಬಂದಿತ್ತು, ಅದೂ ಬಸ್ಸಿನಲ್ಲಿ ನಾಲ್ಕು ತಾಸು ಬೆಂದು. ಮುಚ್ಚಳ ತೆಗೆದಾಗ ಮೂಗಿಗೇ ಗೊತ್ತಾಯಿತು, ಇನ್ನು ಪರೀಕ್ಷೆ ಮಾಡಿ ಉಪಯೋಗವಿಲ್ಲ ಅಂತ. ಹಾಗಂತ ಫಾರ್ಮಲಿನ್‌ನಲ್ಲಿ ವಾರಗಟ್ಟಲೆ ಬಿಟ್ಟರೂ ಕಷ್ಟ, ಡಿಎನ್‌ಎ ಚೂರುಚೂರಾಗುತ್ತದೆ. 6ರಿಂದ 72 ಗಂಟೆ ಸಾಕು.

ಆಮೇಲೆ ತುಣುಕನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ, ಹಾಗಾಗಿ ಬ್ಲಾಕನ್ನು ಐಸ್ ಮೇಲಿಟ್ಟೇ ಕತ್ತರಿಸಬೇಕು. ಪದರ 4 ಮೈಕ್ರಾನ್ ದಪ್ಪ, ಅಷ್ಟೆ. ಬಿಸಿನೀರಿನ ಮೇಲೆ ಬಿಟ್ಟರೆ ಹಾಲಿನ ಕೆನೆಯಂತೆ ಹರಡಿಕೊಳ್ಳುತ್ತದೆ. ಸ್ಲೈಡ್ ಓರೆ ಹಿಡಿದು ಮೆಲ್ಲಗೆ ಎತ್ತಬೇಕು. ಪಿಸಿಆರ್‌ಗೆ (ಡಿಎನ್‌ಎ ಹೆಚ್ಚಿಸಿ ವೈರಸ್ ಹುಡುಕುವ ಪರೀಕ್ಷೆಗೆ) ಕತ್ತರಿಸುವುದಾದರೆ ಪ್ರತಿ ಬ್ಲಾಕಿಗೂ ಹೊಸ ಬ್ಲೇಡ್. ಇಲ್ಲದಿದ್ದರೆ ಒಬ್ಬರ ವೈರಸ್ ಇನ್ನೊಬ್ಬರ ರಿಪೋರ್ಟಿಗೆ ಅಂಟಿಕೊಳ್ಳುತ್ತದೆ.

ಮೊದಲ ಪರೀಕ್ಷೆ ಪಿ16. ವೈರಸ್‌ನ ಇ7 ಪ್ರೋಟೀನ್ ನಮ್ಮ ಜೀವಕೋಶದ ಆರ್‌ಬಿ ಎಂಬ ಕಾವಲುಗಾರ ಪ್ರೋಟೀನನ್ನು ಕೆಡಿಸುತ್ತದೆ. ಆಗ ಕೋಶದಲ್ಲಿ ಪಿ16 ಪ್ರೋಟೀನ್ ಮಿತಿಮೀರಿ ತುಂಬಿಕೊಳ್ಳುತ್ತದೆ. ಅದಕ್ಕೆ ಅಂಟುವ ಆ್ಯಂಟಿಬಾಡಿ ಹಾಕಿ ಬಣ್ಣ ಬರಿಸಿದರೆ ಗಡ್ಡೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಸಮನೆ, ಗಾಢವಾಗಿ ಹಿಡಿದಿದ್ದರೆ ಮಾತ್ರ ಪಾಸಿಟಿವ್. ಅಲ್ಲೊಂದು ಇಲ್ಲೊಂದು ಚುಕ್ಕೆ ಲೆಕ್ಕಕ್ಕಿಲ್ಲ. ಖರ್ಚು ಕಡಿಮೆ, ನಂಬಬಹುದಾದ ಪರೀಕ್ಷೆ. ಆದರೆ ಇದು ನೋಡುವುದು ವೈರಸ್‌ನ ಹೆಜ್ಜೆ ಗುರುತನ್ನು, ವೈರಸ್‌ನ್ನೇ ಅಲ್ಲ.

ವೈರಸ್‌ನ್ನೇ ಹಿಡಿಯಲು ಪಿಸಿಆರ್. ಡಿಎನ್‌ಎ ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತು ಮುಗಿಯುವಷ್ಟರಲ್ಲಿ ನೂರು ಕೋಟಿ ದಾಟುತ್ತದೆ. ಹಳೇ ಬ್ಲಾಕಿನಲ್ಲಿ ಉದ್ದನೆಯ ಡಿಎನ್‌ಎ ಉಳಿದಿರುವುದಿಲ್ಲ, ಹಾಗಾಗಿ ಸಣ್ಣ ತುಂಡನ್ನು ಹುಡುಕುವ ಕಿಟ್ಟೇ ವಾಸಿ. ಜೊತೆಗೆ ಬೀಟಾ ಗ್ಲೋಬಿನ್ ಎಂಬ ಮನುಷ್ಯರ ಜೀನನ್ನೂ ಪರೀಕ್ಷಿಸಬೇಕು. ಅದೇ ಸಿಗದಿದ್ದರೆ ‘ವೈರಸ್ ಇಲ್ಲ’ ಅನ್ನುವ ಹಾಗಿಲ್ಲ, ಮಾದರಿಯೇ ಕೆಟ್ಟಿದೆ ಅಂತ ಅರ್ಥ. ಇನ್ನೊಂದು ಟ್ಯೂಬಿನಲ್ಲಿ ಬರೀ ನೀರು ಇಡುತ್ತಾರೆ. ನೀರಿನಲ್ಲೂ ವೈರಸ್ ಕಂಡರೆ ಅವತ್ತಿನ ಕೆಲಸವೆಲ್ಲ ಮತ್ತೆ ಮೊದಲಿಂದ!

ಪಿಸಿಆರ್‌ನ ತೊಂದರೆ ಏನೆಂದರೆ, ಚರ್ಮದ ಮೇಲೆ ಸುಮ್ನೆ ಕೂತಿದ್ದ ವೈರಸ್‌ನ್ನೂ ಅದು ಹಿಡಿಯುತ್ತದೆ. ಅನುಮಾನ ಬಂದರೆ ಇನ್ ಸಿಟು ಹೈಬ್ರಿಡೈಸೇಶನ್, ಅಂದರೆ ವೈರಸ್‌ನ ಜೀನ್ ಕೋಶದೊಳಗೆ ಎಲ್ಲಿದೆಯೋ ಅಲ್ಲೇ ತೋರಿಸುವ ಪರೀಕ್ಷೆ, ಮಾಡಿಸಬೇಕು. ವೈರಸ್‌ನ ಇ6, ಇ7 ಜೀನ್‌ಗಳ ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ಹುಟ್ಟುವ ಪ್ರತಿ) ಗಡ್ಡೆಯ ಕೋಶದೊಳಗೇ ಚುಕ್ಕೆ ಚುಕ್ಕೆಯಾಗಿ ಕಂಡರೆ ಅಲ್ಲಿ ವೈರಸ್ ಕೆಲಸ ಮಾಡುತ್ತಿದೆ ಅಂತಲೇ. ನನ್ನನ್ನು ಕೇಳಿದರೆ ಪಿ16, ಈ ಚುಕ್ಕೆ ಎರಡೂ ಇದ್ದಾಗ ಬರುವಷ್ಟು ಧೈರ್ಯ ಪಿಸಿಆರ್ ಒಂದರಿಂದ ಬರುವುದಿಲ್ಲ.

ಇದು ಎಲ್ಲ ಲ್ಯಾಬಿನಲ್ಲೂ ಆಗುವುದಿಲ್ಲ, ದೊಡ್ಡ ಊರಿಗೆ ಬ್ಲಾಕ್ ಒಯ್ಯಬೇಕಾಗಬಹುದು. ಸಹಿ ಹಾಕಿ ಪಡೆಯಿರಿ, ಬ್ಲಾಕಿನ ನಂಬರನ್ನು ರಿಪೋರ್ಟಿಗೆ ತಾಳೆ ನೋಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಕರಗೀತು.