ಕೋಲಾರದ ಮೇಲಿಂದ ದೇವನಹಳ್ಳಿಗೆ: ಸಿಮ್ಯುಲೇಟರ್‌ನಲ್ಲಿ ವಿಮಾನ ಇಳಿಸುವ ಲೆಕ್ಕ

ಮಳೆಗಾಲದಲ್ಲಿ ಕೋಲಾರದಲ್ಲಿ ಮಹಡಿ ಹತ್ತಿ ನಿಂತರೆ ವಿಮಾನಗಳು ಒಂದರ ಹಿಂದೆ ಒಂದು ದೇವನಹಳ್ಳಿ ಕಡೆ ಇಳಿಯುತ್ತಾ ಹೋಗುವುದು ಕಾಣುತ್ತದೆ. ಆಗ ಗಾಳಿ ಪಶ್ಚಿಮದಿಂದ ಬೀಸುತ್ತಿರುತ್ತದೆ, ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ರನ್‌ವೇ 27 ಅಂದರೆ ಮೂಗು 270 ಡಿಗ್ರಿಗೆ, ಅಂದರೆ ಪಶ್ಚಿಮಕ್ಕೆ. ಗಾಳಿ ಪೂರ್ವಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಕಡೆಯಿಂದ ರನ್‌ವೇ 09ಕ್ಕೆ ಬರುತ್ತವೆ.

ಸಿಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟ) ಆಡುವವರಿಗೆ ಇದೇ ದಾರಿ ಅಭ್ಯಾಸಕ್ಕೆ ಚೆನ್ನಾಗಿದೆ. ತುಂಬ ಜನ ಟೇಕಾಫ್ ಸಲೀಸಾಗಿ ಮಾಡಿ, ಇಳಿಸುವಾಗ ರನ್‌ವೇ ಕಂಡ ಮೇಲೆ ಒದ್ದಾಡುತ್ತಾರೆ. ತಪ್ಪು ಆಗಿರುವುದು ಅಲ್ಲಲ್ಲ, 200 ಕಿಲೋಮೀಟರ್ ಹಿಂದೆ!

ಲೆಕ್ಕ ಸುಲಭ. ಪ್ರತಿ 1000 ಅಡಿ ಇಳಿಯಲು 3 ನಾಟಿಕಲ್ ಮೈಲಿ (ಒಂದು ಅಂದರೆ 1.85 ಕಿಲೋಮೀಟರ್) ಬೇಕು. ನೀವು 36,000 ಅಡಿಯಲ್ಲಿದ್ದೀರಿ, ದೇವನಹಳ್ಳಿ ರನ್‌ವೇ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ, ಹಾಗಾಗಿ ಇಳಿಯಬೇಕಾದದ್ದು 33,000. ಮೂರರಿಂದ ಗುಣಿಸಿ, 99 ಮೈಲಿ. ವೇಗ ತಗ್ಗಿಸಲು ಇನ್ನೊಂದು 10 ಸೇರಿಸಿ. ಅಂಡಮಾನ್ ಕಡೆಯಿಂದ ಬರುತ್ತಿದ್ದರೆ ಚೆನ್ನೈ ದಾಟಿ ಸ್ವಲ್ಪ ಹೊತ್ತಿಗೇ ಇಳಿಯಲು ಶುರು ಮಾಡಬೇಕು.

ಯಾಕಿಷ್ಟು ಮುಂಚೆ? ಮೊಗಿಲಿ ಘಾಟ್‌ನಲ್ಲಿ ಟೊಮೆಟೊ ಲೋಡ್ ಲಾರಿ ಇಳಿಸುವವರನ್ನು ಕೇಳಿ. ಇಳಿಜಾರಿನಲ್ಲಿ ಇಳಿಯುತ್ತಲೂ ಇರಬೇಕು, ವೇಗವೂ ತಗ್ಗಬೇಕು ಅಂದರೆ ಕಷ್ಟ, ಅಲ್ವಾ? ವಿಮಾನಕ್ಕೂ ಅಷ್ಟೇ. ಮೂಗು ಕೆಳಗೆ ಮಾಡಿದರೆ ವೇಗ ಏರುತ್ತದೆ. ಎತ್ತರ ಜಾಸ್ತಿ ಉಳಿದುಬಿಟ್ಟರೆ ಸ್ಪೀಡ್‌ಬ್ರೇಕ್ (ರೆಕ್ಕೆಯ ಮೇಲೆ ಎದ್ದು ಗಾಳಿಗೆ ಅಡ್ಡ ನಿಲ್ಲುವ ಹಲಗೆಗಳು) ಎಳೆಯಿರಿ, ಅದು ವೇಗ ಜಾಸ್ತಿ ಇದ್ದಾಗಲೇ ಚೆನ್ನಾಗಿ ಕೆಲಸ ಮಾಡುವುದು.

ಕೋಲಾರ ಒಳ್ಳೆಯ ಗುರುತು. ಅಲ್ಲಿಂದ ರನ್‌ವೇಗೆ ಸುಮಾರು 25 ಮೈಲಿ. ಮೂರರಿಂದ ಭಾಗಿಸಿದರೆ 8 ಸಾವಿರ ಚಿಲ್ಲರೆ, ಅದಕ್ಕೆ ರನ್‌ವೇಯ 3 ಸಾವಿರ ಕೂಡಿಸಿ. ಆಲ್ಟಿಮೀಟರ್ (ಸಮುದ್ರ ಮಟ್ಟದಿಂದ ಎತ್ತರ ತೋರಿಸುವ ಮೀಟರ್) 11,000ದ ಆಸುಪಾಸು ತೋರಿಸುತ್ತಿದ್ದರೆ ಸರಿಯಾಗಿದ್ದೀರಿ. ಆ 3 ಸಾವಿರ ಮರೆಯಬೇಡಿ. ಆಲ್ಟಿಮೀಟರ್‌ನಲ್ಲಿ 4500 ಅಂತ ನೋಡಿ ಇನ್ನೂ ಬೇಕಾದಷ್ಟು ಎತ್ತರ ಇದೆ ಅಂದುಕೊಂಡರೆ ನಂದಿ ಬೆಟ್ಟದ ತುದಿ ನಿಮಗಿಂತ ಮೇಲಿರುತ್ತದೆ, ಅದು 4851 ಅಡಿ. ಕಂಟ್ರೋಲ್‌ನವರು ಹೇಳಿದ ಗಾಳಿಯ ಒತ್ತಡವನ್ನು ಆಲ್ಟಿಮೀಟರ್‌ಗೆ ಹಾಕದೆ ಇದ್ದರಂತೂ ಈ ಲೆಕ್ಕವೆಲ್ಲ ಸುಳ್ಳು.

10,000 ಅಡಿಗಿಂತ ಕೆಳಗೆ 250 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ದಾಟಬೇಡಿ. ರನ್‌ವೇಗೆ 10-12 ಮೈಲಿ ಇದ್ದಾಗ 180ಕ್ಕೆ ತನ್ನಿ, ಫ್ಲಾಪ್ (ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುವ, ರೆಕ್ಕೆಯ ಹಿಂಬದಿಯ ಹಲಗೆ) ಒಂದೊಂದೇ ಹಂತ ಬಿಡಿ. ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ಐಎಲ್‌ಎಸ್‌ನ ಗ್ಲೈಡ್ ಸ್ಲೋಪ್ ಅಂದರೆ 3 ಡಿಗ್ರಿ ಓರೆಯ, ಕಣ್ಣಿಗೆ ಕಾಣದ ಜಾರುಬಂಡಿ. ಅದನ್ನು ಕೆಳಗಿನಿಂದ ಹೋಗಿ ಹಿಡಿಯಬೇಕು, ಮೇಲಿಂದ ಬಿದ್ದು ಹಿಡಿಯಲು ಹೋದರೆ ವೇಗ ಕೈಗೆ ಸಿಗಲ್ಲ. ನೆಲದಿಂದ 2000 ಅಡಿ ಇರುವಾಗ ಗೇರ್, ಅಂದರೆ ಚಕ್ರಗಳು, ಕೆಳಗೆ. ಆಮೇಲೆ ನೆಲದ ಮೇಲಿನ ವೇಗದ ಅರ್ಧಕ್ಕೆ ಒಂದು ಸೊನ್ನೆ ಸೇರಿಸಿ: 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ ಇಳಿಯಬೇಕು.

ನೆಲದಿಂದ 1000 ಅಡಿ ಇದ್ದಾಗ ಎಲ್ಲವೂ ಸಿದ್ಧವಿರಬೇಕು. ಗೇರ್, ಫ್ಲಾಪ್, ವೇಗ, ಇಳಿಯುವ ದರ, ರನ್‌ವೇ ನೇರಕ್ಕೆ ಮೂಗು. ಒಂದು ತಪ್ಪಿದ್ದರೂ ಥ್ರಸ್ಟ್ (ಎಂಜಿನ್‌ನ ಬಲ) ಕೊಟ್ಟು ಮೇಲೆ ಹೋಗಿ, ಮತ್ತೆ ಸುತ್ತಿ ಬನ್ನಿ. ಇಷ್ಟು ದೂರ ಬಂದಿದ್ದೀನಿ, ಹೇಗೋ ಇಳಿಸಿಬಿಡೋಣ ಅನ್ನಿಸುತ್ತದೆ, ನಿಜವಾದ ಪೈಲಟ್‌ಗಳಿಗೂ ಅನ್ನಿಸುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ಆದದ್ದು ಅದೇ. ವಿಮಾನ ತೀರಾ ಎತ್ತರದಲ್ಲಿ ಬಂತು, ಸಹಪೈಲಟ್ ಮೇಲೆ ಹೋಗೋಣ ಅಂದರೂ ಇಳಿಯುವುದು ನಿಲ್ಲಲಿಲ್ಲ, ಚಕ್ರ ನೆಲ ಮುಟ್ಟುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ರನ್‌ವೇ ಹಿಂದೆ ಹೋಗಿತ್ತು. 158 ಜನ ತೀರಿಕೊಂಡರು.

ರನ್‌ವೇ ಪಕ್ಕದ ನಾಲ್ಕು ದೀಪ ನೋಡುತ್ತಿರಿ. ಎರಡು ಬಿಳಿ, ಎರಡು ಕೆಂಪು ಇದ್ದರೆ ಸರಿ. ನಾಲ್ಕೂ ಬಿಳಿ ಅಂದರೆ ತುಂಬ ಮೇಲಿದ್ದೀರಿ, ನಾಲ್ಕೂ ಕೆಂಪು ಅಂದರೆ ಅಪಾಯ.

ವಿಮಾನ ಏರ್‌ಬಸ್ ಎ320 ಆದರೆ 30 ಅಡಿಯ ಹತ್ತಿರ ಮೂಗನ್ನು ಸ್ವಲ್ಪವೇ ಎತ್ತಿ, ಥ್ರಸ್ಟ್ ಐಡಲ್‌ಗೆ ತನ್ನಿ. ಕಣ್ಣು ರನ್‌ವೇಯ ಆ ತುದಿಯಲ್ಲಿರಲಿ. ಶುರುವಿನಲ್ಲಿ ನಾನು ಮೆತ್ತಗೆ ಇಳಿಸಬೇಕು ಅಂತ ಸುಮ್ನೆ ಎಳೆಯುತ್ತಲೇ ಇರುತ್ತಿದ್ದೆ, ವಿಮಾನ ತೇಲಿಕೊಂಡೇ ಹೋಗಿ ಒಮ್ಮೆ 4000 ಮೀಟರ್ ರನ್‌ವೇಯೂ ಸಾಲದೆ ಹುಲ್ಲಿಗೆ ನುಗ್ಗಿತ್ತು. ಸ್ವಲ್ಪ ದಡ್ ಅಂದರೂ ಪರವಾಗಿಲ್ಲ, ಸರಿಯಾದ ಜಾಗದಲ್ಲಿ ಇಳಿಸಿ. ಹಿಂದಿನ ಚಕ್ರ ಮುಟ್ಟಿದ ಮೇಲೆ ರೆಕ್ಕೆಯ ಸ್ಪಾಯ್ಲರ್ ಹಲಗೆಗಳು ಎದ್ದವೇ ನೋಡಿ, ಮೂಗಿನ ಚಕ್ರವನ್ನು ನಿಧಾನವಾಗಿ ಇಳಿಸಿ, ಎಂಜಿನ್‌ನ ಬಲವನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಎಳೆಯಿರಿ. 70 ನಾಟ್‌ಗೆ ಬಂದಾಗ ರಿವರ್ಸ್ ತಗ್ಗಿಸಿ, ಉಳಿದದ್ದು ಬ್ರೇಕ್‌ನ ಕೆಲಸ.