2¹²⁷−1 ಅವಿಭಾಜ್ಯವೇ? ನಾನು ತಾಳೆ ನೋಡುವ ಬಗೆ

170141183460469231731687303715884105727. ಇದೇ 2¹²⁷−1, ಒಟ್ಟು 39 ಅಂಕಿ. ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುತ್ತ ಹೋದರೆ ಮುಗಿಯುವ ಕೆಲಸವಲ್ಲ. ಇದರ ವರ್ಗಮೂಲವೇ 20 ಅಂಕಿಯದು. ಆದರೂ ಫ್ರಾನ್ಸಿನ ಗಣಿತಜ್ಞ ಲೂಕಾಸ್ 1876ರಲ್ಲೇ ಕೈಲೆಕ್ಕದಲ್ಲಿ ಇದು ಅವಿಭಾಜ್ಯ ಎಂದು ತೋರಿಸಿದ. 1951ರವರೆಗೂ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ. ನಾನು ಬಳಸುವುದು ಅವನ ವಿಧಾನವನ್ನು ಅಮೆರಿಕದ ಗಣಿತಜ್ಞ ಲೆಹ್ಮರ್ ಸರಳಗೊಳಿಸಿದ ರೂಪ.

4ರಿಂದ ಶುರು. ವರ್ಗ ಮಾಡಿ, 2 ಕಳೆದು, 2¹²⁷−1ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. ಘಾತಕ್ಕಿಂತ ಎರಡು ಕಡಿಮೆ, ಅಂದರೆ 125 ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಘಾತ ಮಾತ್ರ ಬೆಸ ಅವಿಭಾಜ್ಯವೇ ಆಗಿರಬೇಕು. ಪೈಥಾನಿನಲ್ಲಿ ನಾಲ್ಕೈದು ಸಾಲು ಸಾಕು. ಶೇಷ ತೆಗೆಯುವುದನ್ನು ಕೊನೆಗೆ ಇಟ್ಟುಕೊಂಡರೆ ಕೆಟ್ಟಿತು: 20ನೇ ಸುತ್ತಿಗೇ ಸಂಖ್ಯೆ ಸುಮಾರು 6 ಲಕ್ಷ ಅಂಕಿಗೆ ಬೆಳೆದಿರುತ್ತದೆ.

ದೊಡ್ಡದಕ್ಕೆ ಕೈಹಾಕುವ ಮುನ್ನ ಪ್ರೋಗ್ರಾಮನ್ನು 127ರ ಮೇಲೆ, ಅಂದರೆ 2⁷−1ರ ಮೇಲೆ, ಓಡಿಸುತ್ತೇನೆ. 4, 14, 67, 42, 111, 0 ಬರಬೇಕು. ಆಮೇಲೆ 2¹¹−1, ಅಂದರೆ 2047. ಅಲ್ಲಿ ಕೊನೆಯ ಶೇಷ 1736, ಏಕೆಂದರೆ 2047 = 23 × 89. ಎರಡೂ ಸರಿ ಬಾರದಿದ್ದರೆ ಬಹುಪಾಲು ಸುತ್ತಿನ ಎಣಿಕೆಯಲ್ಲಿ ಒಂದು ಹೆಚ್ಚುಕಡಿಮೆ ಆಗಿರುತ್ತದೆ.

ಭಾಗಾಕಾರವನ್ನೂ ತಪ್ಪಿಸಬಹುದು. ಸಂಖ್ಯೆಯನ್ನು ದ್ವಿಮಾನದಲ್ಲಿ (0, 1 ಅಂಕಿಗಳಲ್ಲಿ) ಬರೆದು, ಕೆಳಗಿನ 127 ಬಿಟ್‌ಗಳಿಗೆ ಮೇಲೆ ಉಳಿದ ಬಿಟ್‌ಗಳನ್ನು ಕೂಡಿದರಾಯಿತು, 2¹²⁷ಕ್ಕೆ ಶೇಷ 1 ತಾನೇ. ಹೆಚ್ಚಿನವರು ಎಡವುವುದು ಇಲ್ಲೇ. 2⁷−1ರ ಕೊನೆಯ ಸುತ್ತು ನೋಡಿ: 111ರ ವರ್ಗದಿಂದ 2 ಕಳೆದರೆ 12319. ಕೆಳಗಿನ 7 ಬಿಟ್ 31, ಮೇಲಿನದು 96, ಕೂಡಿದರೆ 127. ಅದು ಸೊನ್ನೆಯೇ, ಆದರೆ ಸೊನ್ನೆಯ ವೇಷದಲ್ಲಿಲ್ಲ! ಎಲ್ಲ ಬಿಟ್ 1 ಆಗಿದ್ದರೆ ಅದನ್ನು 0 ಎಂದು ತಿದ್ದಬೇಕು; ಮರೆತರೆ ನಿಜವಾದ ಅವಿಭಾಜ್ಯವೂ ಫೇಲ್. ಸಿ ಭಾಷೆಯಲ್ಲಾದರೆ ಇನ್ನೊಂದು ಕಾಟ: ವರ್ಗದ ಶೇಷ 0 ಅಥವಾ 1 ಇದ್ದಾಗ 2 ಕಳೆದರೆ ಚಿಹ್ನೆಯಿಲ್ಲದ (ಋಣ ಸಂಖ್ಯೆ ಹಿಡಿಯದ) ಪೂರ್ಣಾಂಕ ಎಲ್ಲಿಗೋ ಹಾರುತ್ತದೆ. ಅದಕ್ಕೆ ಮೊದಲೇ 2¹²⁷−1 ಕೂಡಿಕೊಳ್ಳುತ್ತೇನೆ.

ಫರ್ಮಾ ಪರೀಕ್ಷೆ ಸಾಲದೇ ಎಂದು ಕೇಳುವವರಿದ್ದಾರೆ. ಅಂದರೆ ಆಧಾರವೆಂದು ಒಂದು ಸಂಖ್ಯೆ ಹಿಡಿದು, ಅದರ (n−1)ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುವುದು. ಆಧಾರ 2 ಆದರೆ ದಂಡ. ಘಾತ ಅವಿಭಾಜ್ಯವಾಗಿರುವ ಇಂಥ ಸಂಖ್ಯೆಗಳೆಲ್ಲ ಅದರಲ್ಲಿ ಪಾಸಾಗುತ್ತವೆ, 2047 ಕೂಡ. 3 ಇಟ್ಟುಕೊಳ್ಳಿ, ಅದೂ ಪ್ರಾಥಮಿಕ ಸೋಸುವಿಕೆಗೆ ಮಾತ್ರ.

ಸೋಸಲು ಇನ್ನೊಂದು ಉಪಾಯವೂ ಇದೆ. 2¹²⁷−1ಕ್ಕೆ ಅಪವರ್ತನ ಇದ್ದಿದ್ದರೆ ಅದು 254ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕಿತ್ತು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕಿತ್ತು. ಲೂಕಾಸನ ಪರೀಕ್ಷೆಯಾದರೋ ಅಪವರ್ತನಗಳನ್ನು ಹೇಳುವುದೇ ಇಲ್ಲ. 2⁶⁷−1 ಅವಿಭಾಜ್ಯವಲ್ಲವೆಂದು 1876ರಲ್ಲೇ ಗೊತ್ತಾಯಿತು. 193707721 × 761838257287 ಎಂದು ಅಮೆರಿಕದ ಗಣಿತಜ್ಞ ಕೋಲ್ ಬಿಡಿಸಿ ತೋರಿಸಿದ್ದು 1903ರಲ್ಲಿ.