ಗುಜರಿ ಡಿಸ್ಕಿನಲ್ಲಿ ಊರ ಮಂದಿಯ ಲಗ್ನ

"ಏನ್ರೀ, ಗುಜರಿ ಡಿಸ್ಕಿನಾಗ ಮಂದಿ ಲಗ್ನ ಇಡ್ತೀರೇನು?" ಅಂತ ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ನಮ್ಮ ಸ್ಟುಡಿಯೋ ಮಂದಿ ನಕ್ಕಿದ್ದರು. ಈಗ ಮೂರನೇ ಬೇಸಿಗೆ ದಾಟಿದೆ. ಒಂದು ಫೈಲೂ ಹೋಗಿಲ್ಲ. ನಕ್ಕವರಲ್ಲೇ ಇಬ್ಬರು "ಅಣ್ಣಾ, ನಮಗೂ ಒಂದು ಕೂಡಿಸಿ ಕೊಡ್ರಿ" ಅಂತ ಬಂದಿದ್ದಾರೆ. ಅದಕ್ಕೇ, ಲಗ್ನದ ವಿಡಿಯೋ ಇಡಲು ಹಳೇ ಡಿಸ್ಕುಗಳ ಪೆಟ್ಟಿಗೆ ಹೇಗೆ ಕೂಡಿಸಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಹತ್ತಿರ ಇದ್ದದ್ದು ಅಲ್ಮಾರಿ ತುಂಬ ಯುಎಸ್‌ಬಿ ಡಿಸ್ಕ್. ಮೂವತ್ತೆಂಟೋ ನಲವತ್ತೋ. ಒಂದೊಂದರ ಮೇಲೂ ಮದುಮಗಳ ಹೆಸರಿನ ಚೀಟಿ. ಎರಡು ಕ್ಯಾಮೆರಾ, ಡ್ರೋನ್ ಸೇರಿದರೆ ಒಂದು ಲಗ್ನಕ್ಕೆ 300-350 ಜಿಬಿ ಆಗುತ್ತದೆ. ಒಂದು ದಿನ ಸೇಡಂ ಕಡೆಯ ಪಾರ್ಟಿ ವಿಡಿಯೋ ಕೇಳಿಕೊಂಡು ಬಂದರು. ಡಿಸ್ಕ್ ಹಚ್ಚಿದರೆ ಬರೀ ಟಿಕ್ ಟಿಕ್. ಬೆಂಗಳೂರಿನಲ್ಲಿ ರಿಕವರಿಗೆ 36 ಸಾವಿರ ಕೇಳಿದರು, ಕೊಟ್ಟೆ. ಮುಕ್ಕಾಲು ಪಾಲು ಬಂತು. ಅಕ್ಕಿಕಾಳು ಹಾಕುವ ಹೊತ್ತಿನದು ಮಾತ್ರ ಬರಲಿಲ್ಲ. ಆ ಪಾರ್ಟಿ ಮತ್ತೆ ನನ್ನ ಅಂಗಡಿ ಹತ್ತಲಿಲ್ಲ.

ಆಮೇಲೆ ನಾಲ್ಕು ಡಿಸ್ಕಿನ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕಿಗೆ ಹಚ್ಚುವ ಡಿಸ್ಕ್ ಡಬ್ಬಿ) ತಂದು ರೇಡ್ 5 ಮಾಡಿದೆ. ಅಂದರೆ ಒಂದು ಡಿಸ್ಕ್ ಹೋದರೆ ಡೇಟಾ ಉಳಿಯುತ್ತದೆ, ಎರಡು ಹೋದರೆ ಇಲ್ಲ. ಸಸ್ತಾ ಡಿಸ್ಕ್ ಹಾಕಿದ್ದು ನನ್ನದೇ ತಪ್ಪು. ಅವು ಎಸ್‌ಎಂಆರ್, ಅಂದರೆ ಗೆರೆಗಳನ್ನು ಒಂದರ ಮೇಲೊಂದು ಹತ್ತಿಸಿ ಬರೆಯುವ, ಸತತ ಬರೆಸಿದರೆ ನಿಧಾನವಾಗುವ ಜಾತಿ. ಅದು ಡಬ್ಬಿ ಮೇಲೆ ಇರಲಿಲ್ಲ, ನಾನೂ ಕೇಳಲಿಲ್ಲ. ಮೇ ತಿಂಗಳು, ಹೊರಗೆ 43 ಡಿಗ್ರಿ. ಒಂದು ಡಿಸ್ಕ್ ಹೋಯ್ತು. ಹೊಸದು ಹಾಕಿದರೆ ಐದು ದಿನವಾದರೂ ರೀಬಿಲ್ಡ್ (ಹೋದ ಡೇಟಾ ಮತ್ತೆ ತುಂಬುವುದು) ಅರ್ಧಕ್ಕೇ ನಿಂತಿತ್ತು. ಆರನೇ ದಿನ ಇನ್ನೊಂದು ಡಿಸ್ಕಿನಲ್ಲಿ ರೀಡ್ ಎರರ್. ಅಲ್ಲಿಗೆ ಮುಗೀತು. ಹಳೇ ಯುಎಸ್‌ಬಿ ಡಿಸ್ಕುಗಳನ್ನು ಇನ್ನೂ ಮಾರಿರಲಿಲ್ಲ ಅನ್ನೋದೇ ಪುಣ್ಯ. ಕ್ಲೌಡ್ ಲೆಕ್ಕವನ್ನೂ ಹಾಕಿ ನೋಡಿದೆ. ನನ್ನ ಲೈನಿನ ಅಪ್‌ಲೋಡ್ 20 ಎಂಬಿಪಿಎಸ್. 15 ಟಿಬಿ ಏರಿಸಲು ಹಗಲು ರಾತ್ರಿ ಓಡಿದರೂ ಎರಡು ತಿಂಗಳ ಮೇಲೆ. ಬಿಟ್ಟೆ.

ಹೈದರಾಬಾದಿಗೆ ಹೋದಾಗಲೆಲ್ಲ ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಯಲ್ಲಿ ಒಂದು ಸುತ್ತು ಹಾಕುವುದು ನನ್ನ ಚಟ. ಅಲ್ಲೇ 8 ಟಿಬಿಯ ಹಳೇ ಎಸ್‌ಎಎಸ್ ಡಿಸ್ಕ್ (ಸರ್ವರಿಗೆ ಹಾಕುವಂಥವು) ಕಂಡವು. ಆಗ ತಲಾ 4,500ರ ಆಸುಪಾಸು. ಅಷ್ಟು ಸಸ್ತಾ ಯಾಕೆ ಅಂದರೆ, ದೊಡ್ಡ ಸ್ಟೋರೇಜ್ ಯಂತ್ರಗಳಿಂದ ಕಳಚಿದ ಎಷ್ಟೋ ಡಿಸ್ಕುಗಳ ಸೆಕ್ಟರ್ (ಡೇಟಾ ಇಡುವ ಒಂದೊಂದು ಖಾನೆ) 512 ಬೈಟ್ ಅಲ್ಲ, 520. ಜಾಸ್ತಿ ಇರುವ 8 ಬೈಟಿನಲ್ಲಿ ಆ ಯಂತ್ರ ತನ್ನ ಚೆಕ್‌ಸಮ್, ಅಂದರೆ ಡೇಟಾ ಕೆಟ್ಟಿದೆಯಾ ಅಂತ ತಾಳೆ ನೋಡುವ ಅಂಕಿ, ಇಟ್ಟುಕೊಳ್ಳುತ್ತದೆ. ನಮ್ಮ ಪಿಸಿಗೆ ಹಚ್ಚಿದರೆ ಡಿಸ್ಕಿನ ಹೆಸರು ಕಾಣುತ್ತದೆ, ಬಳಸಲು ಬರುವುದಿಲ್ಲ. ಕೊಂಡವರು "ಸತ್ತದ" ಅಂತ ವಾಪಸ್ ತಂದು ಒಗೆಯುತ್ತಾರೆ. ನಾನು ಬೇಕಂತಲೇ ಅಂಥದ್ದನ್ನೇ ಹುಡುಕಿದೆ. ಒಂಬತ್ತು ತಂದೆ. ಯಾವ ಅಂಗಡಿ ಅಂತ ಕೇಳಬೇಡಿ.

ಎಸ್‌ಜಿ ಫಾರ್ಮ್ಯಾಟ್ (sg_format) ಅನ್ನೋ ಕಮಾಂಡ್ ಹಾಕಿ 512ಕ್ಕೆ ಇಳಿಸಬೇಕು. ಒಂದು ಸಲಕ್ಕೆ 14-15 ತಾಸು. ನಡುವೆ ಕರೆಂಟ್ ಹೋದರೆ ಡಿಸ್ಕ್ "ಫಾರ್ಮ್ಯಾಟ್ ಕೆಟ್ಟಿದೆ" ಅಂತ ಕೂತುಬಿಡುತ್ತದೆ, ಮತ್ತೆ ಮೊದಲಿಂದ ಶುರು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಹದಿಮೂರನೇ ತಾಸಿಗೆ ಕರೆಂಟ್ ಹೋಯ್ತು, ಪಿಸಿ ರೀಸ್ಟಾರ್ಟ್ ಆಯ್ತು. ಮರುದಿನ ರಾತ್ರಿಯೂ ಅದೇ ಗತಿ. "ಆ ಡಬ್ಬಿ ಬಾಜೂಕೇ ಮಲ್ಕೋರಿ" ಅಂದಳು ಮನೆಯವಳು. ಮೂರನೇ ಸಲ ಶುರು ಮಾಡುವ ಮುಂಚೆ ಇನ್ವರ್ಟರ್ ಹಿಂದೆ ಬಗ್ಗಿ ನೋಡಿದರೆ ಒಂದು ಸಣ್ಣ ಸ್ವಿಚ್ ಇತ್ತು. ಅದನ್ನು ಯುಪಿಎಸ್ ಮೋಡಿಗೆ ಸರಿಸಬೇಕಿತ್ತು, ಅಷ್ಟೇ! ಇಲ್ಲದಿದ್ದರೆ ಕರೆಂಟ್ ಬದಲಾಗುವಾಗ ಫ್ಯಾನಿಗೆ ಗೊತ್ತೂ ಆಗದ ಗ್ಯಾಪ್ ಬರುತ್ತದೆ, ಪಿಸಿಗೆ ಅಷ್ಟೇ ಸಾಕು. ಆಮೇಲೆ ಪಿಸಿಗೇ ಬೇರೆ ಯುಪಿಎಸ್ ತಂದೆ.

ಆರು ಡಿಸ್ಕ್, ಮೇಲೆ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್, ಎರಡೆರಡರಂತೆ ಮೂರು ಮಿರರ್ ಜೋಡಿ. ಜೋಡಿಯ ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ. ಸಿಕ್ಕ ಜಾಗ 21 ಚಿಲ್ಲರೆ ಟಿಬಿ. "ಅರ್ಧ ಜಾಗ ದಂಡ" ಅಂತ ಬೈಸಿಕೊಂಡೆ. ಆದರೆ ಮಿರರ್‌ನಲ್ಲಿ ಡಿಸ್ಕ್ ಬದಲಿಸಿದರೆ ತುಂಬಿದ ಭಾಗವನ್ನಷ್ಟೇ ಜೊತೆಯ ಡಿಸ್ಕಿನಿಂದ ನಕಲು ಮಾಡುತ್ತದೆ. ಹೋದ ತಿಂಗಳು ಒಂದು ಹೋಯ್ತು. ಮುಂಜಾನೆ ಹೊಸದು ಹಾಕಿದೆ, ಸಂಜೆ ಚಹಾ ಹೊತ್ತಿಗೆ ಮುಗಿದಿತ್ತು. ಎಡಿಟಿಂಗ್ ನಿಲ್ಲಲಿಲ್ಲ.

ಕಂಪ್ರೆಷನ್ನೂ ಡಿಡ್ಯೂಪೂ (ಒಂದೇ ಡೇಟಾ ಎರಡು ಸಲ ಬಂದರೆ ಒಮ್ಮೆ ಮಾತ್ರ ಇಡುವುದು) ಹಚ್ಚಿ ನೋಡಿದೆ, ಸುಮ್ನೆ ಕುತೂಹಲಕ್ಕೆ. ವಿಡಿಯೋ ಮೊದಲೇ ಹಿಂಡಿದ ಕಬ್ಬು, ಮತ್ತೆ ಹಿಂಡಿದರೆ ಏನು ಬರುತ್ತದೆ? ಡಿಡ್ಯೂಪ್ ಅಂತೂ 16 ಜಿಬಿ ರ್‍ಯಾಮ್ ನುಂಗಿ ನೀರು ಕುಡೀತು.

ಮೊದಲ ಏಪ್ರಿಲ್‌ನಲ್ಲಿ ಎದೆ ಒಡೆದಿತ್ತು. ಸ್ಕ್ರಬ್, ಅಂದರೆ ಇಟ್ಟ ಡೇಟಾ ಎಲ್ಲ ಓದಿ ತಾಳೆ ನೋಡುವ ತಪಾಸಣೆ, ಓಡಿಸಿದರೆ ಆರೂ ಡಿಸ್ಕಿನಲ್ಲಿ ಚೆಕ್‌ಸಮ್ ಎರರ್. ನಕ್ಕವರ ಮುಖ ಕಣ್ಣ ಮುಂದೆ ಬಂತು. ಆದರೆ ಆರೂ ಒಂದೇ ರಾತ್ರಿ ಸಾಯುತ್ತವಾ? ಎಸ್‌ಎಎಸ್ ಡಿಸ್ಕನ್ನು ಪಿಸಿಗೆ ಜೋಡಿಸುವ ಎಚ್‌ಬಿಎ ಕಾರ್ಡಿನ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಸುಟ್ಟಿತು. ಆ ಕಾರ್ಡ್ ಸರ್ವರಿನ ಜೋರು ಗಾಳಿ ನಂಬಿ ಮಾಡಿದ್ದು, ನನ್ನ ಕ್ಯಾಬಿನೆಟ್‌ನಲ್ಲಿ ಗಾಳಿ ಎಲ್ಲಿದೆ? 150 ರೂಪಾಯಿಯ ಫ್ಯಾನ್ ತಂದು ಟೈ ಹಾಕಿ ಕಟ್ಟಿದೆ, ಮತ್ತೆ ಸ್ಕ್ರಬ್ ಮಾಡಿದೆ, ಎರರ್ ಸೊನ್ನೆ. ಅದಕ್ಕೂ ಮುಂಚೆ ನೀರಿನ ಕೂಲರ್ ಕ್ಯಾಬಿನೆಟ್ ಮುಂದೆ ಇಟ್ಟ ಜಾಣ ನಾನೇ. ಡಿಸ್ಕ್ 44 ಡಿಗ್ರಿಗೆ ಇಳೀತು ನಿಜ, ತಿಂಗಳಲ್ಲಿ ಕನೆಕ್ಟರಿಗೆ ಹಸಿರು ಹಿಡೀತು. ಈಗ ಬಿಸಿಲು ಬೀಳದ ಒಳಕೋಣೆಯಲ್ಲಿ, ಶಹಾಬಾದ್ ಫರಸಿ ಮೇಲೆ ಇಟ್ಟಿದ್ದೇನೆ.

ಆಗ ಆದ ಖರ್ಚು: ಡಿಸ್ಕ್ 40 ಸಾವಿರ, ಕಾರ್ಡು, ಕೇಬಲ್ 4-5 ಸಾವಿರ, ಕ್ಯಾಬಿನೆಟ್ಟು, ಯುಪಿಎಸ್ಸು ಸೇರಿ 9-10. ಬೋರ್ಡು, ರ್‍ಯಾಮು ಹಳೇವು. ಒಟ್ಟು 55 ಸಾವಿರ ಅನ್ನಿ. ಹೊಸ ಪೆಟ್ಟಿಗೆ, ಹೊಸ ಡಿಸ್ಕಿಗೆ ನನಗೆ ಬಂದ ಕೊಟೇಶನ್ 1.75 ಲಕ್ಷ ಇತ್ತು. ಹಳೇ ಡಿಸ್ಕ್ ಕೊಳ್ಳುವಾಗ ಎಷ್ಟು ತಾಸು ಓಡಿದೆ ಅನ್ನೋದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಗ್ರೋನ್ ಡಿಫೆಕ್ಟ್ ಲಿಸ್ಟ್ (ಬಳಕೆಯಲ್ಲಿ ಕೆಟ್ಟ ಸೆಕ್ಟರುಗಳ ಪಟ್ಟಿ) ನೋಡುತ್ತೇನೆ, ಜೊತೆಗೆ ಇನ್ನೊಂದು ಅಂಕಿ. ಅದು ನನ್ನ ಹತ್ತಿರವೇ ಇರಲಿ.

ಮಿರರ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆಗಲಿಲ್ಲ, ಅದು ನಿಮಗೂ ಗೊತ್ತು. ಒಂಬತ್ತರಲ್ಲಿ ಎರಡು ಡಿಸ್ಕ್ ಅದಕ್ಕೇ ಮೀಸಲು. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವ ರೂಢಿ ಇದೆ. ದಾರಿಯಲ್ಲಿ ಚೌಡಾಪುರದಲ್ಲಿ ಅಕ್ಕನ ಮನೆ. ತುಂಬಿದ ಡಿಸ್ಕ್ ಅಲ್ಲಿಟ್ಟು ಹಿಂದಿನದನ್ನು ತರುತ್ತೇನೆ. ಮೊದಲ ಸಲ ಮಾವ ಅದನ್ನು ತೊಗರಿ ಚೀಲದ ಮೇಲೆ ಒಗೆದಿದ್ದರು. "ಇದರಾಗ ಏನ್ ಅದನೋ?" ಅಂದರು. "ಈ ಸೀಜನ್ನಿನ ಇಪ್ಪತ್ತು ಲಗ್ನ ಅವ ಮಾಮಾ" ಅಂದೆ. ಏನೂ ಮಾತಾಡದೆ ಎತ್ತಿಕೊಂಡು ಹೋಗಿ, ಅಕ್ಕನ ಬಂಗಾರ ಇಡುವ ಅಲ್ಮಾರಿಯಲ್ಲಿಟ್ಟು ಕೀಲಿ ಹಾಕಿದರು.